ಅತ್ತೆಯ ಮುಚ್ಚಳ, ಹೊಳೆಯ ತಳ

ದಿನಾ ಬೆಳಿಗ್ಗೆ ದೋಣಿಯ ಹಗ್ಗ ಬಿಚ್ಚುವ ಮೊದಲು ಅವನು ಒಂದು ಮುಚ್ಚಳವನ್ನು ನೀರಿಗೆ ಇಳಿಸುತ್ತಾನೆ. ಸಣ್ಣಪುಟ್ಟ ಮುಚ್ಚಳವಲ್ಲ. ದೊಡ್ಡ ಬಾಣಲೆಗೆಂದು ಎರಕ ಹೊಯ್ದದ್ದು, ಎತ್ತಿದರೆ ಭುಜದ ಕೀಲು ಸಡಿಲವಾಗುವಷ್ಟು ಭಾರ. ಅಂಚಿನ ತೂತುಗಳಿಗೆ ಸರಪಳಿ ಕಟ್ಟಿದೆ, ಸರಪಳಿಗೆ ಮೀಟರಿಗೊಂದರಂತೆ ಕೆಂಪು ಬಟ್ಟೆಯ ಚೂರು. ಮೊದಲ ಚೂರು ನೀರಿನ ಮಟ್ಟಕ್ಕೆ ಬಂದಾಗ ದೋಣಿಯೊಳಗಿನ, ಅಂಕಿ ತೋರಿಸುವ ಪರದೆ ಒಂದು ಮೀಟರ್ ಅನ್ನಬೇಕು, ಎರಡನೆಯದಕ್ಕೆ ಎರಡು. ಅಂದಿತೋ, ಹೊರಡಬಹುದು. ಅನ್ನಲಿಲ್ಲವೋ, ಮಂತ್ರಿಯೇ ಬಂದು ದಡದಲ್ಲಿ ನಿಂತರೂ ದೋಣಿ ಅಲ್ಲಾಡುವುದಿಲ್ಲ.

ಅವನ ಕೆಲಸ ಹೊಳೆಯ ಆಳ ಅಳೆಯುವುದು. ದೋಣಿಯ ಒಂದು ಪಕ್ಕಕ್ಕೆ ಕಟ್ಟಿದ ಕಂಬದ ತುದಿಯಲ್ಲಿ, ನೀರಿನೊಳಗೆ, ಮುಷ್ಟಿಗಾತ್ರದ ಯಂತ್ರವೊಂದಿದೆ. ಅದು ಕೆಳಕ್ಕೆ ಸದ್ದು ಕಳಿಸುತ್ತದೆ, ಸದ್ದು ತಳಕ್ಕೆ ಬಡಿದು ಮರಳಲು ಹಿಡಿದ ಹೊತ್ತಿನಿಂದ ಆಳ ಹೇಳುತ್ತದೆ. ಬಾವಿಗೆ ತಲೆ ಬಗ್ಗಿಸಿ ಕೂಗಿದಂತೆ ಅಷ್ಟೆ, ಕೂಗಿದ್ದಕ್ಕೆ ಸಂಬಳ ಬರುತ್ತದೆ ಎನ್ನುವುದೊಂದೇ ವ್ಯತ್ಯಾಸ. ಆದರೆ ನೀರು ಉಪ್ಪಾದರೆ ಸದ್ದಿನ ಓಟ ಬೇರೆ, ಸಿಹಿಯಾದರೆ ಬೇರೆ, ಬಿಸಿಲಿಗೆ ಕಾದರೆ ಇನ್ನೂ ಬೇರೆ. ಆದ್ದರಿಂದ ಯಂತ್ರವನ್ನು ನಂಬುವ ಮೊದಲು ಗೊತ್ತಿರುವ ಆಳದಲ್ಲಿ ಒಂದು ಸುಳ್ಳು ತಳ ಹಿಡಿದು ಪರೀಕ್ಷೆ ಮಾಡಬೇಕು. ಆ ಸುಳ್ಳು ತಳವೇ ಈ ಮುಚ್ಚಳ. ಹೊಳೆಯ ತಳ ಎಲ್ಲಿದೆ ಎಂದು ಮೊದಲು ದೇವರಿಗೆ ಗೊತ್ತು, ಆಮೇಲೆ ತನಗೆ ಎಂದು ಅವನು ನಂಬಿದ್ದ. ದೇವರು ಇದಕ್ಕೆ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ, ತಕ್ಕ ಸಮಯ ಬರಲಿ ಎಂದು ಸುಮ್ಮನಿದ್ದ.

ಮುಚ್ಚಳ ಅತ್ತೆಯದು. ಇಲಾಖೆ ಕೊಟ್ಟ ಅಸಲಿ ತಟ್ಟೆ ಸರಪಳಿ ಕಡಿದು ಹೊಳೆಯ ಪಾಲಾಗಿತ್ತು. ಹೊಸದಕ್ಕೆ ಬರೆದ ಅರ್ಜಿ ಮಂಡಿನೋವಿನ ಮುದುಕನಂತೆ ಮೇಜಿನಿಂದ ಮೇಜಿಗೆ ಕೂತು ಕೂತು ಸಾಗುತ್ತಿತ್ತು. ಆಚೆ ದಡದಲ್ಲಿ, ಲಾಂಚು ನಿಲ್ಲುವ ದಕ್ಕೆಯ ಬಾಯಲ್ಲೇ ಅತ್ತೆಯ ಚಹಾದಂಗಡಿ. ಅಳಿಯ ಸಪ್ಪೆ ಮುಖ ಹಾಕಿ ಕೂತದ್ದನ್ನು ನೋಡಿ ಅವರು ಒಳಗಿನಿಂದ ಮುಚ್ಚಳ ಉರುಳಿಸಿಕೊಂಡು ಬಂದರು.

"ತಗೊಂಡ್ಹೋಗಿ ಅಳಿಯಂದ್ರೇ. ಬಾಣಲೆ ತೂತು ಬಿದ್ದು ಹೋಯ್ತು. ಇದನ್ನ ಇಟ್ಕೊಂಡು ನಾನೇನು ತಲೆ ಮೇಲೆ ಟೋಪಿ ಮಾಡ್ಕೊಳ್ಲಾ?"

ಕೊಟ್ಟದ್ದನ್ನು ಮರೆಯುವ ಪೈಕಿ ಅತ್ತೆ ಅಲ್ಲ. ಅಂದಿನಿಂದ ಚಹಾ ಕುಡಿಯಲು ಬಂದ ಪ್ರತಿಯೊಬ್ಬನಿಗೂ ಸಕ್ಕರೆಯ ಜೊತೆಗೆ ಇದನ್ನೂ ಕಲಸಿ ಕೊಟ್ಟರು: "ನನ್ನ ಮುಚ್ಚಳ ಇಲ್ದಿದ್ರೆ ನಮ್ಮ ಅಳಿಯಂದ್ರ ಹೊಳೆಗೆ ತಳವೇ ಇಲ್ಲ." ಮಾತು ಲಾಂಚು ಹತ್ತಿ ಈಚೆ ದಡದ ಕಚೇರಿಗೆ ಬಂತು. ಅವನಿಗೆ ಮುಚ್ಚಳಪ್ಪ ಎಂದು ಹೆಸರಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಮುಚ್ಚಳಪ್ಪನಿಗೆ ಈಜು ಬರುವುದಿಲ್ಲ. "ಜೀವಮಾನ ಪೂರ್ತಿ ನೀರಿನ ಮೇಲಿರೋನು ಈಜು ಕಲೀಬಾರ್ದಾ?" ಎಂದು ಕೇಳಿದವರಿಗೆ ಅವನ ಉತ್ತರ ಸಿದ್ಧ: "ಎಲ್ಲೆಲ್ಲಿ ಎಷ್ಟೆಷ್ಟು ಆಳ ಅಂತ ನನಗೆ ಗೊತ್ತಲ್ಲ. ಬೀಳೋದಾದ್ರೆ ಕಮ್ಮಿ ಇರೋ ಕಡೆ ನೋಡ್ಕೊಂಡು ಬೀಳ್ತೀನಿ."

ಮದುವೆಯಾದದ್ದೂ ಅಳತೆಯ ದೆಸೆಯಿಂದಲೇ. ಹರೆಯದಲ್ಲಿ ದಕ್ಕೆಯ ಮಟ್ಟ ನೋಡಲು ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿಕೊಂಡು ದಿನಗಟ್ಟಲೆ ನಿಂತಿದ್ದ. ಅಳತೆಯ ಕೋಲು ಇದ್ದದ್ದು ಎಡಕ್ಕೆ, ದುರ್ಬೀನು ತಿರುಗುತ್ತಿದ್ದದ್ದು ಬಲಕ್ಕೆ, ಚಹಾದಂಗಡಿಯ ಕಡೆಗೆ. ಅತ್ತೆ ಸೌಟು ಹಿಡಿದುಕೊಂಡೇ ಬಂದು, "ಏನಪ್ಪಾ, ನನ್ನ ಮಗಳ ಮಟ್ಟ ಸರಿ ಇದ್ಯಾ?" ಎಂದು ಕೇಳಿದರು. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಹೆಂಡತಿ ಇವತ್ತಿಗೂ ಹೇಳುವುದುಂಟು: "ನನ್ನ ಮೊದಲು ನೋಡಿದ್ದೇ ಕಾಲು ಮೇಲೆ ಮಾಡಿ. ಇನ್ನು ಇವರ ಹತ್ರ ನನ್ನ ಯಾವ ಮಾತು ನೇರ ಆಗಿ ಕೇಳ್ಸುತ್ತೆ?"

ಆಳದ ಜೊತೆಗೆ ಹೊಳೆಯ ನೀರನ್ನೂ ಕೆಸರನ್ನೂ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ಅವನ ಪಾಲಿನ ಇನ್ನೊಂದು ಕೆಲಸ. ನೀರು ಬಾಟಲಿಯಲ್ಲಿ ಬರುತ್ತದೆ, ಕೆಸರನ್ನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ದವಡೆ ತಳದಿಂದ ಕಚ್ಚಿಕೊಂಡು ಬರುತ್ತದೆ. ಪ್ರಯೋಗಾಲಯದ ಗಾಡಿ ವಾರಕ್ಕೊಮ್ಮೆ ಬರುವುದರಿಂದ ಅಲ್ಲಿಯವರೆಗೆ ಅವೆಲ್ಲ ಅವನ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕದಲ್ಲಿ. ಒಮ್ಮೆ ಭಾವಮೈದುನ ಬಿಸಿಲಿನಿಂದ ಬಂದವನು ಒಂದು ಬಾಟಲಿ ಎತ್ತಿ ಗಟಗಟ ಕುಡಿದು, "ಶರಬತ್ತಿಗೆ ಉಪ್ಪು ಜಾಸ್ತಿ ಆಗಿದೆ ಅಕ್ಕಾ" ಅಂದ. ಮನೆಯವರೆಲ್ಲ ಭಾವಮೈದುನನನ್ನು ಆಸ್ಪತ್ರೆಗೆ ಒಯ್ಯುವ ಗಡಿಬಿಡಿಯಲ್ಲಿದ್ದರೆ, ಮುಚ್ಚಳಪ್ಪ ಖಾಲಿ ಬಾಟಲಿ ಹಿಡಿದು, "ಇವನಿಗೆ ಚರಂಡಿ ಕೂಡೋ ಜಾಗದ್ದೇ ಬೇಕಿತ್ತಾ? ಮತ್ತೆ ಅಲ್ಲಿಗೆ ಹೋಗ್ಬೇಕಲ್ಲ" ಎಂದು ಗೊಣಗುತ್ತಿದ್ದ. ಭಾವಮೈದುನನಿಗೆ ಏನೂ ಆಗಲಿಲ್ಲ. ಹೊಳೆಗೇ ಏನೋ ಆಗಿರಬೇಕು ಎಂದು ಅತ್ತೆ ಅಂದರು.

ಇಂಥ ಸಂಸಾರಕ್ಕೆ ಕುತ್ತು ಬಂದದ್ದು ಆಚೆ ದಕ್ಕೆಯ ಮುಂದೆ ಆಳ ನೋಡಬೇಕು ಎಂಬ ಆದೇಶದಿಂದ. ಹೊಸ ಲಾಂಚು ಬರುವುದಿತ್ತು, ಹಳೆಯದಕ್ಕಿಂತ ದೊಡ್ಡದು. ಅದಕ್ಕೆ ಬೇಕಾದಷ್ಟು ನೀರು ದಕ್ಕೆಯ ಮುಂದೆ ಇದ್ದರೆ ಅಲ್ಲೇ ನಿಲ್ಲಿಸುವುದು, ಇಲ್ಲದಿದ್ದರೆ ಹೊಳೆಯ ತಿರುವಿನಾಚೆ ಹೊಸ ಜಾಗ. ಅಲ್ಲಿ ನೀರು ಬೇಕಾದಷ್ಟಿತ್ತು. ಗಿರಾಕಿಗಳು ಮಾತ್ರ ಅತ್ತೆಯ ಅಂಗಡಿಯ ಹೊಗೆಯೂ ಕಾಣದಷ್ಟು ದೂರದಲ್ಲಿ ಇಳಿಯುವಂತಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನೂ ಮಗನನ್ನೂ ದಡ ಹತ್ತಿಸಿದ್ದು ಆ ಅಂಗಡಿ. ಅದು ಹೋದರೆ ಅತ್ತೆಗೆ ಉಳಿಯುವುದು ಅಳಿಯನ ಮನೆಯ ಒಂದು ಕೋಣೆ ಮತ್ತು ಮಾತನಾಡಲು ಅಳಿಯನೊಬ್ಬನೇ. ಈ ಎರಡನೆಯದನ್ನು ನೆನೆದು ಇಬ್ಬರೂ ನಡುಗುತ್ತಿದ್ದರು.

ಅಳತೆಯ ಬೆಳಿಗ್ಗೆ ಮುಚ್ಚಳ ಇಳಿಯಿತು, ಪರದೆ ಒಂದು ಅಂದಿತು, ಎರಡು ಅಂದಿತು. ಎಲ್ಲ ಸರಿ. ದೋಣಿ ಓಡಿಸುವವನು ಎಂಜಿನ್ ಶುರು ಮಾಡಿದ. ಅವನಿಗೆ ಹೂಂಕಾರ ಎಂದು ಹೆಸರು, ಯಾಕೆಂದರೆ ಯಾರು ಏನು ಹೇಳಿದರೂ ಅವನ ಬಾಯಿಂದ ಬರುವುದು "ಹೂಂ" ಒಂದೇ. ಅಷ್ಟರಲ್ಲಿ ಈಚೆ ದಕ್ಕೆಯ ಮೆಟ್ಟಿಲ ಮೇಲೆ ಅತ್ತೆ ಕಾಣಿಸಿದರು, ಸುತ್ತ ಸಕ್ಕರೆಯ ಮೂಟೆ, ಹಾಲಿನ ಪುಡಿಯ ಡಬ್ಬಗಳು, ತುಂಬಿದ ಗ್ಯಾಸ್ ಸಿಲಿಂಡರು.

"ಲಾಂಚು ಕೆಟ್ಟು ನಿಂತಿದೆ ಅಳಿಯಂದ್ರೇ. ನೀವು ಹೇಗಿದ್ರೂ ಆ ಕಡೆಗೇ ತಾನೇ?"

"ಅತ್ತೆ, ಇದು ಅಳತೆಯ ದೋಣಿ. ಹೊರಗಿನವರು ಹತ್ತೋ ಹಾಗಿಲ್ಲ."

"ಮುಚ್ಚಳ ಹತ್ತಬಹುದು, ಮುಚ್ಚಳದ ಯಜಮಾನಿ ಹತ್ತಬಾರ್ದು. ಚೆನ್ನಾಗಿದೆ ನಿಮ್ಮ ಕಾನೂನು."

ಮುಚ್ಚಳಪ್ಪ ಹೂಂಕಾರನ ಮುಖ ನೋಡಿದ. ಹೂಂಕಾರ "ಹೂಂ" ಅಂದ. ಅದು ಹೌದೋ ಅಲ್ಲವೋ ಎಂದು ತಿಳಿಯುವಷ್ಟರಲ್ಲಿ ಮೂಟೆ ದೋಣಿಯೊಳಗಿತ್ತು. ದೋಣಿಯಲ್ಲಿ ನೆರಳಿದ್ದದ್ದು ಕಂಬದ ಪಕ್ಕದಲ್ಲಿ ಮಾತ್ರ. ಅತ್ತೆ ಅಲ್ಲಿ ಕೂತರು, ಸಾಮಾನನ್ನೂ ಮಕ್ಕಳಂತೆ ಪಕ್ಕಕ್ಕೆ ಎಳೆದುಕೊಂಡರು. ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿಯುವ ಮೊದಲು ದಕ್ಕೆಯ ಮುಂದಿನ ಗೆರೆಗಳನ್ನು ಓಡಿಸಿ ಮುಗಿಸಬೇಕಿತ್ತು. ಹಾಗಾಗಿ ಮೊದಲು ಅಳತೆ, ಆಮೇಲೆ ಅತ್ತೆಯನ್ನು ಇಳಿಸುವುದು ಎಂದಾಯಿತು. ಹೂಂಕಾರ ದಕ್ಕೆಯ ಮುಂದೆ ಹೊಲ ಉಳುವಂತೆ ಹೋಗಿ ಬಂದ, ಹೋಗಿ ಬಂದ. ಅತ್ತೆ ಅಷ್ಟು ಹೊತ್ತೂ ಮಗನ ಸೋಮಾರಿತನ, ಹಾಲಿನ ಪುಡಿಯ ರೇಟು, ಅಳಿಯನ ತಲೆಯ ಮೇಲೆ ಉಳಿದ ಕೂದಲು, ಇವುಗಳ ಬಗ್ಗೆ ಮಾತನಾಡಿದರು. ಮುಚ್ಚಳಪ್ಪ ಕಿವಿ ಮುಚ್ಚಿ ಕಣ್ಣು ತೆರೆದು ಪರದೆ ನೋಡಿದ.

ನಕ್ಷೆ ತಯಾರಾಯಿತು. ದಕ್ಕೆಯ ಮುಂದೆ ತಳ ಒಂದು ಗೇಣು ಮೇಲೆ ಬಂದಿತ್ತು. ಹೊಸ ಲಾಂಚಿಗೆ ಕಡಿಮೆ ಬಿದ್ದದ್ದೂ ಅದೇ ಒಂದು ಗೇಣು.

ಕಚೇರಿ ಉಗ್ರಾಣದ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ಕಿಟಕಿ ತೆರೆದರೆ ಕಾಗದ ಹಾರುತ್ತದೆ, ಮುಚ್ಚಿದರೆ ಜನ ಬೇಯುತ್ತಾರೆ. ಇಂಜಿನಿಯರಮ್ಮ ಅವನಿಗಿಂತ ಚಿಕ್ಕವಳು, ಚುರುಕು ಹೆಣ್ಣು. ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಕೇಳಿದಳು.

"ಒಂದೇ ಸಲಕ್ಕೆ ಒಂದು ಗೇಣು ಹೂಳು ಬರುತ್ತಾ? ಅವತ್ತು ದೋಣೀಲಿ ಏನಾದ್ರೂ ವ್ಯತ್ಯಾಸ ಇತ್ತಾ?"

"ಏನೂ ಇಲ್ಲ ಮೇಡಂ. ಮುಚ್ಚಳ ಇಳಿಸಿ ನೋಡಿಯೇ ಹೊರಟಿದ್ದು. ಹೊಳೆ ಸುಳ್ಳು ಹೇಳಲ್ಲ."

"ಹೊಳೆ ಹೇಳಲ್ಲ. ನೀವು?"

"ನಾನೂ ಹೇಳಲ್ಲ."

ಹೇಳಲೂ ಇಲ್ಲ. ಅತ್ತೆ ದೋಣಿಯಲ್ಲಿದ್ದದ್ದು ಅವನಿಗೆ ನೆನಪೇ ಬರಲಿಲ್ಲ. ಅವನ ಲೆಕ್ಕದಲ್ಲಿ ಅತ್ತೆ ಅಂದರೆ ಗದ್ದಲ, ಭಾರ ಅಲ್ಲ.

ಲಾಂಚು ತಿರುವಿನಾಚೆಗೆ ಹೋಗುತ್ತದೆ ಎಂಬ ಸುದ್ದಿ ದಕ್ಕೆ ಮುಟ್ಟಿದ ಸಂಜೆ ಅತ್ತೆ ಅಳಿಯನ ಮನೆಗೆ ಬಂದರು. ಚಪ್ಪಲಿ ಬಿಚ್ಚುವಾಗಲೇ ಮಾತು ಶುರುವಾಗಿತ್ತು.

"ಅಷ್ಟುದ್ದ ಹೊಳೆ ಇದೆ. ನಿಮ್ಮ ಕಣ್ಣಿಗೆ ನನ್ನ ಅಂಗಡಿ ಮುಂದೇನೇ ನೀರು ಕಮ್ಮಿ ಕಂಡಿದ್ದಾ ಅಳಿಯಂದ್ರೇ?"

"ನಾನೇನು ಹೂಳು ತಂದು ಸುರಿದ್ನಾ ಅತ್ತೆ? ಇದ್ದದ್ದನ್ನ ಇದ್ದ ಹಾಗೆ ಬರೆದೆ."

ಹೆಂಡತಿ ಒಳಗಿನಿಂದ ಬಂದಳು. "ರೀ, ಒಂದು ಗೇಣು ತಾನೇ? ಕೈ ತಪ್ಪಿ ಆ ಕಡೆ ಬರೆದ್ರೆ ಹೊಳೆ ಬಂದು ಕೇಳುತ್ತಾ?"

"ಹೊಳೆ ಕೇಳಲ್ಲ ಕಣೇ. ಲಾಂಚು ತಳ ಬಡಿದು ವಾಲಿದಾಗ ಅದರೊಳಗಿರೋರು ಕೇಳ್ತಾರೆ."

ಮಾತಿನಲ್ಲಿ ಗೆಲ್ಲಲಾಗದ ಕಡೆ ಅತ್ತೆ ಕೆಲಸಕ್ಕಿಳಿಯುತ್ತಾರೆ. ಮರುದಿನ ಬೆಳಿಗ್ಗೆ ದೋಣಿಯ ಬಳಿ ಬಂದು, ಸರಪಳಿಗೆ ಬಿಗಿದ ಹಗ್ಗದ ಕಟ್ಟನ್ನು ಕುಡುಗೋಲಿನಿಂದ ಕೊಯ್ದು, ಮುಚ್ಚಳವನ್ನು ಉರುಳಿಸಿಕೊಂಡು ಹೊರಟರು. "ನಾಳೆಯಿಂದ ನಿಮ್ಮ ತಲೇನೇ ಕಟ್ಟಿ ಇಳಿಸಿ ಅಳಿಯಂದ್ರೇ. ಅದೂ ಗಟ್ಟಿಯಾಗೇ ಇದೆ." ಹೂಂಕಾರ "ಹೂಂ" ಅಂದ. ಈ ಸಲ ಅದರ ಅರ್ಥ ಸ್ಪಷ್ಟವಾಗಿತ್ತು.

ಮುಚ್ಚಳ ಹೋದರೂ ವ್ರತ ಬಿಡುವಂತಿಲ್ಲ. ಮುಚ್ಚಳಪ್ಪ ಉಗ್ರಾಣವೆಲ್ಲ ಹುಡುಕಿ, ಮೆಟ್ಟಿಲ ಕೆಳಗೆ ಬಿದ್ದಿದ್ದ ಒಂದು ಕಬ್ಬಿಣದ ಫಲಕ ಎಳೆದು ತಂದ. ಯಾವುದೋ ಬಾಗಿಲಿನಿಂದ ಕಳಚಿದ್ದು, ನಾಲ್ಕು ಮೂಲೆಗೂ ತೂತು ಇತ್ತು, ಭಾರವೂ ತಕ್ಕಷ್ಟಿತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಅಪ್ಪಣೆಯಿಲ್ಲದೆ ಒಳಗೆ ಬರಬಾರದು. ದಿನಾ ಬೆಳಿಗ್ಗೆ ಆ ಎಚ್ಚರಿಕೆ ಮೀನುಗಳ ಎದುರಿಗೆ ಇಳಿಯತೊಡಗಿತು. ಮೀನುಗಳು ಓದಿಕೊಂಡವೋ ಏನೋ, ಪರದೆ ಮಾತ್ರ ಸರಿಯಾಗಿ ಒಂದು ಅಂದಿತು, ಎರಡು ಅಂದಿತು.

ಕೆಸರು ತೆಗೆಯುವ ಸರದಿ ಬಂತು. ಆಚೆ ದಕ್ಕೆಯ ಮುಂದೆ ಕಬ್ಬಿಣದ ದವಡೆಯನ್ನು ಇಳಿಸಿ ಎತ್ತಿದಾಗ ಮುಚ್ಚಳಪ್ಪನ ಹುಬ್ಬು ಗಂಟಾಯಿತು. ಹೊಸ ಹೂಳು ಎಂದರೆ ಕಪ್ಪಗೆ, ಬೆಣ್ಣೆಯಂತೆ ಮೆತ್ತಗೆ ಇರಬೇಕು. ಬಂದದ್ದು ಒರಟು ಮರಳು, ಅದರಲ್ಲಿ ಚಿಪ್ಪಿನ ಚೂರು. ಹೋದ ವರ್ಷ ಬಂದದ್ದೂ ಇದೇ, ಅದರ ಹಿಂದಿನ ವರ್ಷವೂ ಇದೇ. ಮತ್ತೆ ಇಳಿಸಿದ, ಮತ್ತೆ ಮರಳು. ಹೂಳು ಬರದೆ ತಳ ಮೇಲೆ ಬಂದದ್ದು ಹೇಗೆ? ಯಂತ್ರವನ್ನು ಬೈದ, ಬಿಸಿಲನ್ನು ಬೈದ, ಹೂಂಕಾರನ ಓಟವನ್ನು ಬೈದ. ಹೂಂಕಾರ ಎಲ್ಲಕ್ಕೂ ಒಪ್ಪಿಕೊಂಡ.

ದಕ್ಕೆಗೆ ದೋಣಿ ಕಟ್ಟಿ, ಯಂತ್ರ ಚಾಲೂ ಇಟ್ಟು, ಪರದೆಯನ್ನೇ ದಿಟ್ಟಿಸುತ್ತ ಕೂತಿದ್ದಾಗ ಮೇಲಿನಿಂದ ಅತ್ತೆಯ ದನಿ ಬಂತು. ಅಂಗಡಿ ಖಾಲಿ ಮಾಡುವುದಕ್ಕೆಂದು ಅವರು ಸಾಮಾನು ಹೊರಗಿಡುತ್ತಿದ್ದರು. ಅಳಿಯನನ್ನು ಕಂಡ ಮೇಲೆ ಸುಮ್ಮನೆ ಹೋಗುವುದು ಅವರಿಗೆ ಧರ್ಮವಾಗಿ ತೋರಲಿಲ್ಲ.

"ಇನ್ನೂ ಏನು ಅಳೀತೀರಿ? ನನ್ನ ಗೋಳಿನ ಆಳನಾ?" ಎನ್ನುತ್ತ ಮೆಟ್ಟಿಲಿಳಿದು, ದೋಣಿಗೇ ಹತ್ತಿ, ಹಳೆಯ ಜಾಗದಲ್ಲಿ, ಕಂಬದ ಪಕ್ಕ, ಧೊಪ್ಪೆಂದು ಕೂತರು.

ಪರದೆಯ ಮೇಲಿನ ಅಂಕಿ ಕೆಳಗಿಳಿಯಿತು.

ಮುಚ್ಚಳಪ್ಪ ಕಣ್ಣು ಉಜ್ಜಿಕೊಂಡ. "ಅತ್ತೆ, ಏಳಿ."

"ಯಾಕೆ? ನಾನು ಕೂತ್ರೆ ನಿಮ್ಮ ಕಾನೂನಿಗೆ ನೋವಾಗುತ್ತಾ?"

"ಇಳೀರಿ ಅತ್ತೆ, ಕೈ ಮುಗೀತೀನಿ." ಅತ್ತೆ ಇಳಿದರು. ಅಂಕಿ ಮೇಲೇರಿತು. "ಹತ್ತಿ." ಹತ್ತಿದರು. ಅಂಕಿ ಇಳಿಯಿತು. "ಇಳೀರಿ."

"ಅಳಿಯಂದ್ರೇ, ಬಿಸಿಲು ತಲೆಗೆ ಹತ್ತಿದ್ಯಾ? ಮಗಳಿಗೆ ಹೇಳಿ ಕಳಿಸ್ಲಾ?"

"ಆಮೇಲೆ ಹೇಳಿ. ಈಗ ಆ ಸಕ್ಕರೆ ಮೂಟೆ, ಡಬ್ಬ, ಸಿಲಿಂಡರು, ಎಲ್ಲಾ ಇಲ್ಲಿಡಿಸಿ. ಅವತ್ತು ಹೇಗಿಟ್ಕೊಂಡಿದ್ರೋ ಹಾಗೇ."

ಹೂಂಕಾರ ಸಾಮಾನು ಹೊತ್ತು ತಂದ. ಒಂದೊಂದು ಬಂದಂತೆಯೂ ದೋಣಿ ಕಂಬದ ಕಡೆಗೆ ವಾಲಿತು, ಕಂಬದ ತುದಿಯ ಯಂತ್ರ ನೀರಿನಲ್ಲಿ ಇನ್ನಷ್ಟು ಕೆಳಗೆ ಹೋಯಿತು. ಕೆಳಗೆ ಹೋದ ಯಂತ್ರಕ್ಕೆ ತಳ ಹತ್ತಿರವಾಗುತ್ತದೆ. ತಾನು ಕೆಳಗೆ ಬಂದಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ, ಹೊಳೆಯೇ ಮೇಲೆ ಬಂದಿತು ಎನ್ನುತ್ತದೆ. ಕೊನೆಗೆ ಸಿಲಿಂಡರು ಕೂತಾಗ ವ್ಯತ್ಯಾಸ ಸರಿಯಾಗಿ ಒಂದು ಗೇಣು. ಬೆಳಿಗ್ಗೆ ಮುಚ್ಚಳ ಇಳಿಸಿದಾಗ ದೋಣಿ ಖಾಲಿ ಇತ್ತು, ಆದ್ದರಿಂದ ಮುಚ್ಚಳ ನಿಜವನ್ನೇ ಹೇಳಿತ್ತು. ನಿಜ ಹೇಳಿದ ಮೇಲೆ ಅತ್ತೆ ಹತ್ತಿದ್ದರು.

ಮುಚ್ಚಳಪ್ಪ ಯಂತ್ರ ಆರಿಸಿದ. ಆಮೇಲೆ ಹೇಳಿದ.

"ಅತ್ತೆ, ನಿಮ್ಮ ಅಂಗಡಿ ಎತ್ತಿಸಿದ್ದು ಹೂಳಲ್ಲ."

"ಮತ್ತೆ?"

"ನೀವೇ. ನಿಮ್ಮನ್ನ ಹತ್ತಿಸ್ಕೊಂಡ ನಾನೂ."

ಅತ್ತೆ ಒಮ್ಮೆ ಮೂಟೆ ನೋಡಿದರು, ಒಮ್ಮೆ ತಮ್ಮನ್ನೇ ನೋಡಿಕೊಂಡರು. "ಸಿಲಿಂಡರು ತುಂಬಿತ್ತು," ಎಂದು ಮೆಲ್ಲಗೆ ಅಂದರು. ತಪ್ಪನ್ನು ಯಾರ ಮೇಲಾದರೂ ಹೊರಿಸಬೇಕಾದರೆ ಸಿಲಿಂಡರೇ ವಾಸಿ ಎಂದು ಅವರಿಗೆ ಕಂಡಿರಬೇಕು.

ಮಧ್ಯಾಹ್ನ ಮುಚ್ಚಳಪ್ಪ ಮಹಡಿ ಹತ್ತಿ ಇಂಜಿನಿಯರಮ್ಮನ ಮೇಜಿನ ಮುಂದೆ ನಿಂತ.

"ಮೇಡಂ, ದಕ್ಕೆ ಮುಂದೆ ಹೂಳಿಲ್ಲ."

"ಮತ್ತೆ ಏನಿತ್ತು?"

"ಅತ್ತೆ ಇದ್ರು."

"ಎಲ್ಲಿ, ಹೊಳೆಯಲ್ಲಾ?"

"ದೋಣೀಲಿ. ಕಂಬದ ಪಕ್ಕ."

ಪೆನ್ಸಿಲ್ ನಿಂತಿತು. ಅವಳಿಗೆ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. "ನಾನು ಅವತ್ತೇ ಕೇಳಿದ್ದೆ."

"ಕೇಳಿದ್ರಿ. ನನಗೆ ಅವರು ಲೆಕ್ಕಕ್ಕೇ ಬರಲಿಲ್ಲ."

"ಹೊರಗಿನವರನ್ನ ಹತ್ತಿಸಬಾರ್ದು ಅಂತ ನಿಯಮ ಇದೆ. ಅತ್ತೆ ಹೊರಗಿನವರಲ್ವಾ?"

"ಅದನ್ನ ನೀವೇ ಒಂದ್ಸಲ ಅವರಿಗೆ ಹೇಳಿ ನೋಡಿ ಮೇಡಂ."

ಅವಳು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಭುಜ ಅಲುಗಿದ್ದು ಕಂಡಿತು. ತಿರುಗಿದಾಗ ಮುಖ ಮತ್ತೆ ಇಲಾಖೆಯದಾಗಿತ್ತು. "ಕಾರಣ ಬರೀಬೇಕು. ಅವರ ತೂಕ ಎಷ್ಟು?"

"ಕೇಳೋ ಧೈರ್ಯ ಇಲಾಖೆಗಿದ್ರೆ ಕೇಳ್ಲಿ. ನನಗೆ ರಾತ್ರಿ ಮನೆಗೆ ಹೋಗ್ಬೇಕು."

ಎಚ್ಚರಿಕೆಯ ಪತ್ರ ಬಂತು, ಅದರಲ್ಲಿ ಅತ್ತೆಯ ಹೆಸರು "ಹೆಚ್ಚುವರಿ ಭಾರ" ಎಂದಾಗಿತ್ತು. ಬಡ್ತಿಯ ಮಾತು ಒಂದು ವರ್ಷ ಹಿಂದಕ್ಕೆ ಹೋಯಿತು. ರಜೆಯ ದಿನ ಮತ್ತೆ ಅಳತೆ ನಡೆಯಿತು. ಇಂಜಿನಿಯರಮ್ಮ ತಾನೇ ಬಂದು ದೋಣಿಯ ನಟ್ಟನಡುವೆ, ಕೈಯಲ್ಲಿ ಚೀಲವೂ ಇಲ್ಲದೆ ಕೂತಳು. ಫಲಕ ಇಳಿಸಿದ್ದೂ ಅವಳು ಹತ್ತಿದ ಮೇಲೆಯೇ. ದಡದಲ್ಲಿ ಅತ್ತೆ ಚಹಾ ಕುದಿಸುವುದನ್ನು ಮರೆತು ನಿಂತಿದ್ದರು. ಬಾಯಿ ಮುಚ್ಚಿತ್ತು, ತುಟಿ ಮಾತ್ರ ಆಡುತ್ತಿತ್ತು. ಯಾವ ದೇವರನ್ನು ಬೇಡಿಕೊಳ್ಳುತ್ತಿದ್ದರೋ, ಅವನಿಗೆ ತೂಕ ಕೇಳುವ ಅಗತ್ಯವಿರಲಿಲ್ಲ. ಹೂಂಕಾರ ಗೆರೆಗಳನ್ನು ಓಡಿಸಿದ. ಸಾಲದೆಂದು ಇಂಜಿನಿಯರಮ್ಮ ದಕ್ಕೆಯ ಅಂಚಿನಿಂದ ಗುಂಡು ಕಟ್ಟಿದ ಹಗ್ಗ ಇಳಿಸಿ ನೋಡಿದಳು. ಹಗ್ಗವೂ ಪರದೆಯೂ ಒಂದೇ ಮಾತು ಹೇಳಿದವು. ಹೋಗಿದ್ದ ಗೇಣು ನೀರು ಮರಳಿ ಬಂದಿತ್ತು. ಲಾಂಚು ಹಳೆಯ ದಕ್ಕೆಯಲ್ಲೇ ನಿಲ್ಲುತ್ತದೆ ಎಂದು ಬರೆದು ಅವಳು ಸಹಿ ಹಾಕಿದಳು.

ಮಾರನೆಯ ಬೆಳಿಗ್ಗೆ ಮುಚ್ಚಳಪ್ಪ ದೋಣಿಯ ಬಳಿ ಬಂದಾಗ ಅತ್ತೆ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಮುಚ್ಚಳ. ತುಕ್ಕು ತೊಳೆದು, ಬೂದಿ ಹಾಕಿ ತಿಕ್ಕಿ, ಎಣ್ಣೆ ಸವರಿದ್ದರು. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು.

"ತಗೊಳ್ಳಿ ಅಳಿಯಂದ್ರೇ. ಕೋಪದಲ್ಲಿ ತಗೊಂಡ್ಹೋಗಿದ್ದೆ. ಈ ಸಲ ಯಾರಿಗೂ ಹೇಳ್ಕೊಂಡು ತಿರುಗಲ್ಲ."

ಅವರ ಹಿಂದೆ, ಎರಡು ಮೆಟ್ಟಿಲು ಮೇಲೆ, ಸಕ್ಕರೆಯ ಮೂಟೆಯೊಂದು ಮೆತ್ತಗೆ ಗೋಡೆಗೊರಗಿ ನಿಂತಿತ್ತು.

ಮುಚ್ಚಳಪ್ಪ ಮೂಟೆ ನೋಡಿದ. ಮುಚ್ಚಳ ನೋಡಿದ. ಸರಪಳಿಗೆ ಕಟ್ಟಿದ ಫಲಕವನ್ನು ಎತ್ತಿ, ಕೆಂಪಕ್ಷರ ಅತ್ತೆಯ ಕಡೆ ಕಾಣುವಂತೆ ಹಿಡಿದು, ಎರಡನೆಯ ಬಟ್ಟೆಯ ಚೂರಿನವರೆಗೆ ನೀರಿಗೆ ಬಿಟ್ಟ.

"ಬೇಡ ಅತ್ತೆ. ನೀವು ಇಟ್ಕೊಳ್ಳಿ. ನನಗೆ ಇದೇ ಸಾಕು."

ಹೂಂಕಾರ "ಹೂಂ" ಅಂದು ಹಗ್ಗ ಬಿಚ್ಚಿದ.